ಓವನ್ ಇಲ್ಲದೆ ಬಣ್ಣಬಣ್ಣದ ಚಾಕೊಲೇಟ್ ಉಂಡೆ



ಡಿಸೆಂಬರ್ ಬಂತೆಂದರೆ ವರ್ತೂರು ಸುತ್ತಮುತ್ತ ಹಬ್ಬಗಳ ಸಾಲು. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್ ಹತ್ತಿರದಲ್ಲೇ ಇದೆ. ಅಲ್ಲಿ ಕ್ರಿಸ್‌ಮಸ್‌ಗೆ ಪ್ಲಮ್ ಕೇಕ್, ಕಲ್ಕಲ್, ರೋಸ್ ಕುಕ್ಕಿ. ಮೂರು ವಾರ ಕಳೆದರೆ ನಮ್ಮ ಸಂಕ್ರಾಂತಿ: ಎಳ್ಳು-ಬೆಲ್ಲ ಬೀರುವುದು, ರಾಸುಗಳಿಗೆ ಕಿಚ್ಚು ಹಾಯಿಸುವುದು. ಈ ಎರಡೂ ಹಬ್ಬಕ್ಕೆ ಒಪ್ಪುವ, ಮಕ್ಕಳು ಇಷ್ಟಪಟ್ಟು ತಿನ್ನುವ ಒಂದು ಸಿಹಿ 'ಟ್ರಫಲ್' ಎಂಬ ಚಾಕೊಲೇಟ್ ಉಂಡೆ. ಟ್ರಫಲ್ ಎಂಬ ಅಣಬೆಯಂತೆ ಕಾಣುವುದರಿಂದ ಇದಕ್ಕೆ ಆ ಹೆಸರು. ಇದಕ್ಕೆ ಓವನ್ ಬೇಡ. ಮುಖ್ಯವಾಗಿ ಬೇಕಾದದ್ದು ಎರಡೇ: ಚಾಕೊಲೇಟ್ ಮತ್ತು ಕೆನೆ.

ಎರಡೂ ಸಹಕಾರಿ ರೈತರಿಗೆ ಸೇರಿದ ವಸ್ತುಗಳೇ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕೋಕೋ ಬೆಳೆಗಾರರ ಕೈ ಹಿಡಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು. ಕೆನೆಯಂತೂ ನಮ್ಮ ಕೊಟ್ಟಿಗೆಯದೇ.

ಗಮನಿಸಬೇಕಾದ ಮುಖ್ಯ ವಿಷಯ

ಕೇಕನ್ನು ಬೇಯಿಸುವಾಗ ಓವನ್ನಿನ ಶಾಖಕ್ಕೆ ರೋಗಾಣುಗಳು ಸಾಯುತ್ತವೆ. ಈ ಉಂಡೆಗೆ ಆ ರಕ್ಷಣೆ ಇಲ್ಲ. ಕೈಯಲ್ಲಿ ಕಟ್ಟಿದ ಮೇಲೆ ಅದು ನೇರವಾಗಿ ಮಗುವಿನ ಬಾಯಿಗೆ ಹೋಗುತ್ತದೆ. ಆದ್ದರಿಂದ ಕೆನೆಯನ್ನು ಮೊದಲೇ ಕುದಿಸಬೇಕು. ಹಸಿ ಹಾಲಿನಿಂದ ಕ್ಷಯ ಮತ್ತು ಕಂದು ಹಾಕುವ ರೋಗ, ಅಂದರೆ ಬ್ರೂಸೆಲ್ಲೋಸಿಸ್, ಮನುಷ್ಯರಿಗೆ ಹರಡಬಲ್ಲವು.

ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಭಾವಿಸಬೇಡಿ. ಕೆಚ್ಚಲು ಬಾವಿಗೆ ಕಾರಣವಾಗುವ ಕೆಲವು ರೋಗಾಣುಗಳು ಉಂಟುಮಾಡುವ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಅದೇ ರೋಗಾಣು ಕೈಯ ಗಾಯದಲ್ಲಿಯೂ ಇರಬಹುದು. ಆದ್ದರಿಂದ ಬಾವು ಇರುವ ಅಥವಾ ಚಿಕಿತ್ಸೆಯಲ್ಲಿರುವ ಹಸುವಿನ ಹಾಲಿನ ಕೆನೆ ಬೇಡ. ಕೈಗೆ ಗಾಯವಾದವರು ಉಂಡೆ ಕಟ್ಟಬಾರದು. ತುಪ್ಪಕ್ಕೆಂದು ಹಲವು ದಿನ ಕೂಡಿಟ್ಟ ಹುಳಿ ಕೆನೆಯೂ ಆಗದು.

ಬೇಕಾಗುವ ಸಾಮಗ್ರಿ (ಸುಮಾರು 20 ಉಂಡೆಗೆ)

ಕಪ್ಪು ಚಾಕೊಲೇಟ್ 200 ಗ್ರಾಂ, ತಾಜಾ ಕೆನೆ 100 ಗ್ರಾಂ, ಕೈಗೆ ಸವರಲು ತುಪ್ಪ, ಹೊರಳಿಸಲು ಬಣ್ಣದ ಪುಡಿಗಳು. ಚಾಕೊಲೇಟ್ ಕೊಳ್ಳುವಾಗ ಹೊದಿಕೆಯನ್ನು ಓದಿ. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಬಳಸಿದ ಅಗ್ಗದ 'ಕಾಂಪೌಂಡ್' ಕೂಡ ಅಂಗಡಿಯಲ್ಲಿ ಸಿಗುತ್ತದೆ. ಅದರ ರುಚಿ ಬೇರೆ.

ಮಾಡುವ ವಿಧಾನ

1. ಒದ್ದೆ ಇಲ್ಲದ ಸ್ಟೀಲ್ ಪಾತ್ರೆಯಲ್ಲಿ ಚಾಕೊಲೇಟನ್ನು ಸಣ್ಣಗೆ ಹೆಚ್ಚಿಡಿ. ಕರಗುವ ಚಾಕೊಲೇಟಿಗೆ ನಾಲ್ಕು ಹನಿ ನೀರು ಬಿದ್ದರೂ ಅದು ಗಂಟುಗಟ್ಟುತ್ತದೆ.

2. ಕೆನೆಯಲ್ಲಿ ಗಂಟಿದ್ದರೆ ಕಡೆದು ನುಣ್ಣಗೆ ಮಾಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಚೆನ್ನಾಗಿ ಒಂದು ಕುದಿ ಬರಿಸಿ, ಬಿಸಿಯಾಗಿರುವಾಗಲೇ ಚಾಕೊಲೇಟಿನ ಮೇಲೆ ಸುರಿಯಿರಿ. ಮುಚ್ಚಿ ಮೂರು ನಿಮಿಷ ಬಿಡಿ.

3. ನಡುವಿನಿಂದ ಹೊರಕ್ಕೆ ನಿಧಾನವಾಗಿ ಕಲಸಿ. ಮಿಶ್ರಣ ಹೊಳೆಯಬೇಕು. ಜಿಡ್ಡು ಬೇರ್ಪಟ್ಟರೆ ಒಂದೆರಡು ಚಮಚ ಕಾಯಿಸಿದ ಬಿಸಿ ಹಾಲು ಹಾಕಿ ಕಲಸಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

4. ಫ್ರಿಜ್ಜಿನಲ್ಲಿ ಸುಮಾರು ಎರಡು ಗಂಟೆ ಇಡಿ. ಕೋಕೋ ಬೆಣ್ಣೆ ತಂಪಿನಲ್ಲಿ ಗಟ್ಟಿಯಾಗಿ, ನಮ್ಮ ಮೈ ಶಾಖಕ್ಕಿಂತ ಸ್ವಲ್ಪ ಕಡಿಮೆ ಶಾಖದಲ್ಲಿ ಕರಗುತ್ತದೆ. ಬೇಯಿಸದೆಯೂ ಉಂಡೆ ನಿಲ್ಲುವುದು, ಬಾಯಲ್ಲಿಟ್ಟೊಡನೆ ಕರಗುವುದು ಇದರಿಂದಲೇ.

5. ಕೈಯನ್ನು ಸೋಪಿನಿಂದ ತೊಳೆದು, ಒರೆಸಿ, ತುಪ್ಪ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಕೂಡಲೇ ಪುಡಿಯಲ್ಲಿ ಹೊರಳಿಸಿ.

ಬಣ್ಣ ಎಲ್ಲಿಂದ?

ಅಂಗಡಿಯ ಬಣ್ಣಕ್ಕೆ ಕೈ ಹಾಕಬೇಡಿ. ಕಾಟನ್ ಕ್ಯಾಂಡಿಯಂಥ ತಿನಿಸುಗಳ ಪರೀಕ್ಷೆಯಲ್ಲಿ ಬಟ್ಟೆಗೆ ಹಾಕುವ ರೊಡಮೈನ್-ಬಿ ಎಂಬ ಬಣ್ಣ ಪತ್ತೆಯಾದ ಮೇಲೆ, ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ನಮ್ಮ ಅಡುಗೆಮನೆಯಲ್ಲಿಯೇ ಬೇಕಾದಷ್ಟು ಬಣ್ಣಗಳಿವೆ.

ಕೆಂಪು: ಬೀಟ್ರೂಟ್ ತೊಳೆದು, ಸಿಪ್ಪೆ ತೆಗೆದು, ತೆಳುವಾಗಿ ಹೆಚ್ಚಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯಿರಿ. ತೆಳು ಬಟ್ಟೆ ಮುಚ್ಚಿ ಗರಿಗರಿಯಾಗುವವರೆಗೆ ಒಣಗಿಸಿ ಪುಡಿ ಮಾಡಿ, ಸಕ್ಕರೆ ಪುಡಿ ಬೆರೆಸಿ. ಹೆಚ್ಚು ಹೊತ್ತು ಬೇಯಿಸಿದರೆ ಈ ಕೆಂಪು ಮಾಸುತ್ತದೆ. ಓವನ್ ಇಲ್ಲದ ಸಿಹಿಗೆ ಇದು ಚೆನ್ನಾಗಿ ಒಪ್ಪುವುದು ಅದಕ್ಕೇ.

ಹಳದಿ: ಒಣಕೊಬ್ಬರಿ ತುರಿಗೆ ಚಿಟಿಕೆ ಅರಿಶಿನ ಸೇರಿಸಿ ಬಾಣಲೆಯಲ್ಲಿ ಬೆಚ್ಚಗೆ ಹುರಿಯಿರಿ.

ಹಸಿರು: ಹುರಿದ ಪಿಸ್ತಾ ಪುಡಿ.

ಬಿಳಿ: ಹುರಿದ ಬಿಳಿ ಎಳ್ಳು. ಸಂಕ್ರಾಂತಿಗೆ ಇದೇ ಚೆಂದ.

ಪುಡಿಗಳು ತಣ್ಣಗಾದ ಮೇಲೆ ಮಾತ್ರ ಬಳಸಿ. ಇಲ್ಲದಿದ್ದರೆ ಉಂಡೆ ಕರಗೀತು.

ಎಷ್ಟು ದಿನ ಇಡಬಹುದು?

ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಮುಗಿಸಿ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಮನೆಯ ನಾಯಿಗೆ ಎಸೆಯಬೇಡಿ, ಚಾಕೊಲೇಟ್ ಅದಕ್ಕೆ ವಿಷ. ಅಕ್ಕಪಕ್ಕದ ವಸತಿ ಸಮುಚ್ಚಯಗಳಿಗೆ ಮಾರುವ ಆಲೋಚನೆಯಿದ್ದರೆ ಮೊದಲು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಿ, ಡಬ್ಬಿಯ ಮೇಲೆ ತಯಾರಿಸಿದ ದಿನವನ್ನು ಬರೆಯಿರಿ.

ದಿನವೂ ಸಂಘಕ್ಕೆ ಹಾಲು ಹಾಕಲು ತಾವು ಪಾಲಿಸುವ ಶುಚಿತ್ವದ ನಿಯಮಗಳೇ ಈ ಉಂಡೆಗೂ ಸಾಕು: ಆರೋಗ್ಯವಂತ ಹಸು, ತೊಳೆದ ಕೈ, ಒಣಗಿದ ಪಾತ್ರೆ, ಬೇಗ ತಂಪು ಮಾಡುವುದು. ಈ ಹಬ್ಬಕ್ಕೆ ಮಾಡಿ ನೋಡಿ.