150 ರೂಪಾಯಿಗೆ ಹೊರಟಿದ್ದ ಸಿಂಹ

ಸಾರವಾಡ, ಬಬಲೇಶ್ವರ ಕಡೆಯಿಂದ ವಿಜಯಪುರಕ್ಕೆ ಬರುವ ಮಂದಿ ಗೋಳಗುಮ್ಮಟ ನೋಡಿದ ಮೇಲೆ ಪಡುವಣ ಕೋಟೆಗೋಡೆಯ ಶೆರ್ಜಾ ಬುರುಜನ್ನೂ ಹತ್ತಬೇಕು. ಅಲ್ಲಿ ಮಲಗಿದೆ ಮಲಿಕ್-ಎ-ಮೈದಾನ್ ತೋಪು. ತೂಕ ಸುಮಾರು 55 ಟನ್. ಅದರ ಬಾಯಿಯೇ ಒಂದು ಶಿಲ್ಪ: ಬಾಯ್ದೆರೆದ ಸಿಂಹ, ಹಲ್ಲಿನ ಸಂದಿಯಲ್ಲಿ ಸಿಕ್ಕಿಬಿದ್ದ ಪುಟ್ಟ ಆನೆ.

ಅಹಮದನಗರದಲ್ಲಿ 1549ರಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದದ್ದು. 1632ರಲ್ಲಿ ಯುದ್ಧದ ಗೆಲುವಿನ ಗುರುತಾಗಿ ಇಲ್ಲಿಗೆ ಬಂತು.

ಆದಿಲಶಾಹಿ ಹೋಯಿತು, ಬ್ರಿಟಿಷರು ಬಂದರು. 1854ರಲ್ಲಿ ತೋಪನ್ನು ಹರಾಜಿಗಿಟ್ಟರು. ಬಂದ ಸವಾಲೆಷ್ಟು? ಬರೇ 150 ರೂಪಾಯಿ! ಪುಣ್ಯಕ್ಕೆ ಹರಾಜು ರದ್ದಾಯಿತು, ಸಿಂಹ ಉಳಿಯಿತು.

‘ಮುಟ್ಟಿ ಬೇಡಿಕೊಂಡ್ರ ಅಂದಕೊಂಡಿದ್ದು ಆಗತೈತಿ’ ಎಂಬ ನಂಬಿಕೆ ಜನರಲ್ಲಿದೆ. ಆಗುತ್ತದೋ ಇಲ್ಲವೋ, ಮೋಡಕಾ ಲೆಕ್ಕ ಹಾಕಿದವರಿಗೆ ಕಾಣದ ಸಿಂಹ, ಬೇಡಿಕೊಳ್ಳುವ ಮಂದಿಯ ಕಣ್ಣಿಗೆ ಕಂಡಿದೆ. ಮುಟ್ಟಿರಿ, ಬೇಡಿಕೊಳ್ಳಿರಿ, ಹೆಸರು ಮಾತ್ರ ಕೊರೆಯಬೇಡಿರಿ.