ಬಾಳೆದಿಂಡಿನಿಂದ ಕಾರಿನ ಬಾಗಿಲಿಗೆ

ಬಾಳೆ ಒಮ್ಮೆ ಗೊನೆ ಕೊಟ್ಟರೆ ಮುಗಿಯಿತು, ಮುಂದಿನದು ಬುಡದ ಕಂದಿನ ಪಾಳಿ. ಗುಂಡ್ಲುಪೇಟೆ, ಚಾಮರಾಜನಗರದ ತೋಟಗಳಿಂದ ಏಲಕ್ಕಿ, ನೇಂದ್ರ ಗೊನೆಗಳು ಲಾರಿ ಹತ್ತುತ್ತವೆ; ದಿಂಡು ಬದುವಿನಲ್ಲೇ ಕೊಳೆಯುತ್ತದೆ. ಅದರ ಪಟ್ಟೆಯೊಳಗಿನ ನಾರಿಗೆ ಹೂ ಕಟ್ಟುವುದಕ್ಕಿಂತ ದೊಡ್ಡ ಕೆಲಸವೂ ಗೊತ್ತು. 2004ರಲ್ಲಿ ಬಂದ ಮರ್ಸಿಡಿಸ್-ಬೆಂಜ್ ಎ-ಕ್ಲಾಸ್ ಕಾರಿನ ಒಂದು ಮಾದರಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಹೊರಮುಚ್ಚಳವನ್ನು ಅಬಾಕಾ ನಾರು ಬೆರೆಸಿದ ಪ್ಲಾಸ್ಟಿಕ್ಕಿನಿಂದ ಮಾಡಿದ್ದರು. ಅಬಾಕಾ ಫಿಲಿಪೀನ್ಸ್‌ನ ಗಿಡ, ನಮ್ಮ ಬಾಳೆಯ ದಾಯಾದಿ.

ಕಾರಿಗೆ ನಾರು ಬೇಕೆನಿಸುವುದು ಅದರ ಹಗುರತನಕ್ಕೆ. ಕಾರಿನ ತೂಕ ಶೇ. 10ರಷ್ಟು ಇಳಿದರೆ ಇಂಧನ ಸುಮಾರು ಶೇ. 6ರಿಂದ 8ರಷ್ಟು ಉಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7, ಪ್ಲಾಸ್ಟಿಕ್ಕಿಗೆ ಬೆರೆಸುವ ಗಾಜಿನ ನಾರು 2.5, ಬಾಳೆನಾರು 1.35ರ ಆಸುಪಾಸು. ಬಿಗಿತದಲ್ಲಿ ಗಾಜಿನ ನಾರೇ ಮುಂದು. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಆ ಅಂತರ ತುಂಬ ಕಿರಿದಾಗುತ್ತದೆ.

ನಾರಿನ ಕಸುವು ಸೆಲ್ಯುಲೋಸ್‌ನದು. ಎಳೆತವನ್ನು ನಾರು ತಡೆದುಕೊಳ್ಳುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಎಳೆಗಳನ್ನು ಹಿಡಿದಿಟ್ಟು ಭಾರ ಹಂಚುತ್ತದೆ. ತೊಡಕಿರುವುದು ಈ ಜೋಡಿಯ ಸ್ವಭಾವದಲ್ಲಿ: ನಾರಿಗೆ ನೀರೆಂದರೆ ಪ್ರೀತಿ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅದು ಆಗದು. ಹಾಗೆಯೇ ಬೆರೆಸಿದರೆ ಭಾರ ಬಿದ್ದಾಗ ನಾರು ಜಾರಿ ಹೊರಬರುತ್ತದೆ. ಅದಕ್ಕೇ ಮೊದಲು ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುತ್ತಾರೆ. ಮೇಣ, ಲಿಗ್ನಿನ್ ಒಂದಿಷ್ಟು ಕಳಚಿ ಮೈ ತರಿತರಿಯಾಗುತ್ತದೆ, ಪ್ಲಾಸ್ಟಿಕ್ ಕಚ್ಚಿಕೊಳ್ಳುತ್ತದೆ. ಬಿಸಿಯಲ್ಲೂ ಎಚ್ಚರ ಬೇಕು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾರು ಕಂದಿ ಕೆಡುತ್ತದೆ. ಪಾಲಿಪ್ರೊಪಿಲೀನ್ 165ರ ಹತ್ತಿರ ಕರಗುವುದರಿಂದ ಹೊಂದಿಕೆಯಾಗುತ್ತದೆ, ಅದಕ್ಕಿಂತ ಬಿಸಿ ಬೇಡುವ ನೈಲಾನ್ ಕಷ್ಟ.

ಹಾಗೆಂದು ಬಾಳೆನಾರಿನ ಚಾಸಿಯನ್ನು ಯಾರೂ ಕನಸು ಕಾಣಬೇಕಿಲ್ಲ. ಅಪಘಾತದ ಪೆಟ್ಟು ತಡೆಯುವ ಭಾಗಗಳಲ್ಲಿ ತೂಕ ಇಳಿಸುವುದು ಹೆಚ್ಚು ಬಲದ ತೆಳು ಉಕ್ಕು ಮತ್ತು ಅಲ್ಯೂಮಿನಿಯಂ. ಬಾಗಿಲಿನ ಒಳಹಲಗೆ, ಸೀಟಿನ ಬೆನ್ನು, ಡಿಕ್ಕಿಯ ಹಾಸು, ಇವು ನಾರಿನ ಜಾಗ. ಅಲ್ಲಿ ಉಳಿಯುವುದು ಕೆಲವೇ ಕಿಲೋ. ಆದರೂ ಬಾಳೆನಾರು ಗಾಜಿನ ನಾರಿನ ಹಾಗೆ ಅಚ್ಚುಗಳನ್ನು ಸವೆಸುವುದಿಲ್ಲ, ಕೆಲಸಗಾರರ ಚರ್ಮಕ್ಕೆ ಚುಚ್ಚುವುದಿಲ್ಲ.

ಚಾಮರಾಜನಗರದ ಉಮ್ಮತ್ತೂರಿನಲ್ಲಿ ಬಾಳೆನಾರಿನಿಂದ ಕರಕುಶಲ ವಸ್ತುಗಳನ್ನು ಮಾಡುತ್ತಿದ್ದಾರೆ. ಅಂದರೆ ದಿಂಡಿನಿಂದ ನಾರು ತೆಗೆಯುವ ವಿದ್ಯೆ ಜಿಲ್ಲೆಗೆ ಹೊಸದಲ್ಲ. ಚೀಲಕ್ಕೆ ಎಳೆ ಸ್ವಲ್ಪ ದಪ್ಪ-ತೆಳು ಇದ್ದರೂ ನಡೆಯುತ್ತದೆ. ಕಾರಿನ ಕಾರ್ಖಾನೆ ಸಾವಿರನೆಯ ಹಲಗೆಯೂ ಮೊದಲನೆಯದರಷ್ಟೇ ಗಟ್ಟಿಯಿರಬೇಕೆನ್ನುತ್ತದೆ. ತಳಿ, ದಿಂಡಿನ ವಯಸ್ಸು, ಪಟ್ಟೆ ಹೊರಗಿನದೋ ಒಳಗಿನದೋ, ಎಲ್ಲಕ್ಕೂ ನಾರಿನ ಗುಣ ಬದಲಾಗುತ್ತದೆ. ದಿಂಡಿನ ತೂಕದಲ್ಲಿ ಹತ್ತಿರ ಹತ್ತಿರ ಶೇ. 90 ನೀರು, ಅದನ್ನು ದೂರ ಸಾಗಿಸುವುದು ಲಾರಿಯಲ್ಲಿ ನೀರು ಹೊತ್ತಂತೆ.

ಹಾಗಾಗಿ ನಾರು ತೆಗೆದು, ಒಣಗಿಸಿ, ದರ್ಜೆ ವಿಂಗಡಿಸುವ ಕೆಲಸ ತೋಟದ ಪಕ್ಕದಲ್ಲೇ ಆಗಬೇಕು. ರೈತರ ಸಂಘಗಳಿಗೆ ಸರ್ಕಾರ ಯಂತ್ರ ಕೊಡುವುದಾದರೆ, ಜೊತೆಗೆ ಒಣಗಿಸುವ ಶೆಡ್ಡನ್ನೂ ನಾರಿನ ಬಲ ಅಳೆಯುವ ಒಂದು ಪುಟ್ಟ ಪ್ರಯೋಗಾಲಯವನ್ನೂ ಕೊಡಲಿ.