ಮನೆಯಲ್ಲೇ ರಾಗಿ ಹಿಟ್ಟು: ರೊಟ್ಟಿಗೊಂದು, ಬಿಸ್ಕತ್ತಿಗೊಂದು

ಶಿಕಾರಿಪುರದ ಖುಷ್ಕಿ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. ಸೊರಬದ ಕಡೆ ಭತ್ತ, ಶುಂಠಿ. ರಾಗಿ ಮೂಲೆಗೆ ಸರಿದಿದೆ. ಬೆಳೆದದ್ದನ್ನು ಮಾರಿ, ಮಕ್ಕಳಿಗೆ ಅಂತ ಮಾಲ್ಟ್ ಪುಡಿ, ಓಟ್ಸ್ ಬಿಸ್ಕತ್ತು ಪೇಟೆಯಿಂದ ತರುತ್ತೇವೆ. ಓಟ್ಸ್ ತಂಪು ಸೀಮೆಯ ಧಾನ್ಯ. ಆ ಹಿಟ್ಟಿನಲ್ಲಿ ಮಾಡುವ ಬಿಸ್ಕತ್ತನ್ನು ನಮ್ಮ ರಾಗಿಯಲ್ಲೂ ಮಾಡಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿಯಲ್ಲಿ ಇಷ್ಟಿಲ್ಲ.

ಹಿಟ್ಟು ಎರಡು ಬಗೆ

ಮುದ್ದೆ, ರೊಟ್ಟಿಗೆ ಹಸಿ ರಾಗಿಯ ಹಿಟ್ಟೇ ಬೇಕು. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟ ಒಡೆದು ಸಿಹಿಯಾಗುತ್ತದೆ, ಬೇಯಿಸಿದರೆ ನೀರಾಗುತ್ತದೆ. ಆದ್ದರಿಂದ ಅದು ಗಂಜಿಗೆ, ಬಿಸ್ಕತ್ತಿಗೆ ಒಳ್ಳೆಯದು. ಅದರಲ್ಲಿ ಮುದ್ದೆ ಕಟ್ಟಲಿಕ್ಕೆ ಹೋದರೆ ಅಂಟಂಟಾಗಿ ಕೂರುತ್ತೆ.

ಮೊಳಕೆ ಹಿಟ್ಟು ಮಾಡುವ ಕ್ರಮ

ರಾಗಿಯನ್ನು ಮೊರದಲ್ಲಿ ಕೇರಿ, ನಾಲ್ಕೈದು ನೀರಲ್ಲಿ ತೊಳೆದು ಕಲ್ಲು ಮಣ್ಣು ಬಿಡಿಸಿ. 12 ಗಂಟೆ ನೆನೆಹಾಕಿ, ನಡುವೆ ಒಮ್ಮೆ ನೀರು ಬದಲಿಸಿ. ನೀರು ಪೂರ್ತಿ ಬಸಿದು ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಒಂದರಿಂದ ಒಂದೂವರೆ ದಿನದಲ್ಲಿ ಮೊಳಕೆ ಬರುತ್ತದೆ. ಮೊಳಕೆ ಕಾಳಿನಷ್ಟು ಉದ್ದವಾದರೆ ಸಾಕು, ಹೆಚ್ಚು ಬೆಳೆದರೆ ಕಹಿ. ಬೂಷ್ಟು ಹಿಡಿದರೆ, ಕೆಟ್ಟ ವಾಸನೆ ಬಂದರೆ ಮುಲಾಜಿಲ್ಲದೆ ತಿಪ್ಪೆಗೆ ಹಾಕಿ. ದನಕ್ಕೂ ಕೊಡಬೇಡಿ.

ಆಮೇಲೆ ಬಿಸಿಲಲ್ಲಿ ತೆಳ್ಳಗೆ ಹರಡಿ ಒಣಗಿಸಬೇಕು. ಹಲ್ಲಿಗೆ ಹಾಕಿದರೆ ಕಟ್ ಅನ್ನಬೇಕು. ಕೈಯಲ್ಲಿ ಉಜ್ಜಿ ಬೇರು ಕೇರಿ ತೆಗೆದು, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಆರಿಸಿ ಗಿರಣಿಗೆ ಒಯ್ಯಿರಿ.

ಮಳೆಗಾಲಕ್ಕೆ

ನಮ್ಮಲ್ಲಿ ಮಳೆ ಹಿಡಿದರೆ ಕಾಳು ಒಣಗೋದಿಲ್ಲ. ಮೊಳಕೆ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ, ಒಣಗಿದ ಕಾಳನ್ನು ಕಾಳಾಗಿಯೇ ಬಿಗಿ ಡಬ್ಬಿಯಲ್ಲಿಡಿ. ಒಣಗಿದ ರಾಗಿ ವರ್ಷಗಟ್ಟಲೆ ಕೆಡದು, ಹಿಟ್ಟು ಮಾತ್ರ ಬೇಗ ಮುಗ್ಗುತ್ತದೆ. ಒಂದು ತಿಂಗಳಿಗೆ ಬೇಕಾದಷ್ಟನ್ನೇ ಬೀಸಿಸಿ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹಾಗೇ ಮುಚ್ಚಿದರೆ ಬೆವರಿ ಗಂಟುಕಟ್ಟುತ್ತೆ. ಬಟ್ಟೆಯ ಮೇಲೆ ಹರಡಿ ತಣಿಸಿಯೇ ತುಂಬಬೇಕು. ಮೆಣಸಿನಕಾಯಿ ಬೀಸಿದ ಗಿರಣಿಗೆ ಹಾಕಿಸಬೇಡಿ.

ಬಿಸ್ಕತ್ತು

ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಬರೀ ರಾಗಿಯಲ್ಲಿ ಬ್ರೆಡ್ ಉಬ್ಬೋದಿಲ್ಲ, ಬಿಸ್ಕತ್ತು ಪುಡಿಯಾಗುತ್ತೆ. ಬಿಸ್ಕತ್ತಿಗೆ ಅರ್ಧಕ್ಕರ್ಧ ಗೋಧಿಹಿಟ್ಟು ಸೇರಿಸಿ. ಬ್ರೆಡ್ಡಿಗಾದರೆ ರಾಗಿ ಕಾಲು ಪಾಲು ಮೀರದಿರಲಿ.

ಒಂದು ಲೋಟ ಮೊಳಕೆ ರಾಗಿ ಹಿಟ್ಟು, ಒಂದು ಲೋಟ ಗೋಧಿಹಿಟ್ಟು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಅರ್ಧ ಲೋಟ ತುಪ್ಪ, ಚಿಟಿಕೆ ಉಪ್ಪು, ಎರಡು ಏಲಕ್ಕಿ. ಬೆಲ್ಲ ತುಪ್ಪ ಮೊದಲು ಚೆನ್ನಾಗಿ ಕಲಸಿ, ಹಿಟ್ಟು ಸೇರಿಸಿ. ಉಂಡೆ ಒಡೆದರೆ ಒಂದೆರಡು ಚಮಚ ಹಾಲು ಸಾಕು. ಒಲೆಪೆಟ್ಟಿಗೆ ಬೇಡ. ದಪ್ಪ ತಳದ ಪಾತ್ರೆಗೆ ಎರಡು ಬೆರಳು ಮರಳು ಹಾಕಿ, ಮುಚ್ಚಿ 10 ನಿಮಿಷ ಕಾಯಿಸಿ. ಒಳಗೆ ಸಿಂಬಿ ಇಟ್ಟು, ತಟ್ಟಿದ ಬಿಲ್ಲೆಗಳ ತಟ್ಟೆ ಇಟ್ಟು, ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ರಾಗಿ ಬಣ್ಣವೇ ಕಂದು, ಆದ್ದರಿಂದ ಬಣ್ಣ ನೋಡಿ ಬೆಂದಿದೆ ಅಂತ ತಿಳಿಯೋಕಾಗಲ್ಲ. ಅಂಚು ಗಟ್ಟಿಯಾಗಿ ಘಮ ಬಂದಾಗ ಇಳಿಸಿ. ನಡು ಮೆತ್ತಗಿದ್ದರೂ ಆರಿದ ಮೇಲೆ ಗರಿಯಾಗುತ್ತದೆ.

ಮೆಕ್ಕೆಜೋಳ ಮಾರಾಟಕ್ಕೆ ಇರಲಿ. ಹೊಲದ ಒಂದು ಮೂಲೆಯಲ್ಲಿ ಮನೆಮಂದಿಗೆ ಸಾಲುವಷ್ಟು ರಾಗಿ ಹಾಕಿದರೆ ಹಿಟ್ಟಿನ ಖರ್ಚಿಗೆ ಪೇಟೆಗೆ ಓಡಬೇಕಿಲ್ಲ, ದನಕ್ಕೆ ಹುಲ್ಲೂ ಸಿಗುತ್ತದೆ.